ಚೀನಾದ ಟೀ ಕೆಟ್ಟಿದೆಯಾ, ಇಲ್ಲಾ ಇರೋದೇ ಹೀಗಾ?

ನೀಲಿಕೊಡೆ:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಚೀನಾಕ್ಕೆ ಹೋಗಿದ್ದ ತಮ್ಮ ಮೂರು ಪೊಟ್ಟಣ ಟೀ ತಂದುಕೊಟ್ಟಿದ್ದಾನೆ. ನಾನು ಹೇಳಿ ಕಳಿಸಿದ್ದು ಬ್ಲ್ಯಾಕ್ ಟೀ. ಪೊಟ್ಟಣದ ಮೇಲಿನ ಅಕ್ಷರಕ್ಕೆ ಫೋನ್ ಹಿಡಿದರೆ ಮೂರಕ್ಕೂ ‘ಕೆಂಪು ಟೀ’ ಅಂತ ತೋರಿಸುತ್ತದೆ. ಬೇರೇನೋ ತಂದನಾ ಅಂತ ಮೊದಲ ಅನುಮಾನ.

ಅದು ಹೋಗಲಿ. ಮೊದಲ ಪೊಟ್ಟಣ ಬಿಚ್ಚಿದೆ. ಗಪ್ ಅಂತ ಮೂಗಿಗೆ ಹೊಗೆ! ರಾತ್ರಿಯಿಡೀ ಸೌದೆ ಒಲೆಯ ಮೇಲೆ ನೇತುಹಾಕಿದ್ದ ಬಟ್ಟೆಯ ವಾಸನೆ. ಸೀದುಹೋಗಿದೆ ಅಂದುಕೊಂಡು ಮುಚ್ಚಿಟ್ಟೆ. ಎರಡನೆಯದರ ಮೇಲೆ ‘ಚಿಮೆನ್’ ಅಂತಿದೆ. ಎಲೆ ಸಣ್ಣಗೆ, ಕಪ್ಪಗೆ, ದಾರದ ತುಂಡುಗಳ ಹಾಗೆ. ಮೂರನೆಯದು ‘ದಿಯಾನ್‌ಹೊಂಗ್’. ದಪ್ಪ ಎಲೆ, ನಡುನಡುವೆ ಬಂಗಾರದ ಬಣ್ಣದ ಕುಡಿ, ನೋಡೋಕೇ ಚೆಂದ. ಅದನ್ನೇ ಮಾಡಿ ಕುಡಿದೆ, ಚೆನ್ನಾಗಿತ್ತು. ಅರ್ಧ ಲೋಟ ಮರೆತು ಹಾಗೇ ಬಿಟ್ಟಿದ್ದೆ. ಒಂದು ಗಂಟೆ ಬಿಟ್ಟು ನೋಡಿದರೆ ಬಗ್ಗಡ! ಹಾಲೇ ಹಾಕಿಲ್ಲ, ಆದರೂ ಮಣ್ಣು ಕಲಕಿದ ಹಾಗಿದೆ.

ಮೂರರಲ್ಲಿ ಎರಡು ಕೆಟ್ಟಿವೆ ಅಂತ ತಮ್ಮನಿಗೆ ಬೈಯುವ ಮುಂಚೆ ಇಲ್ಲಿ ಒಂದು ಮಾತು ಕೇಳೋಣ ಅಂತ ಬಂದೆ.

ಹಳೇಪೆಟ್ಟಿಗೆ:

ಬೈಯಬೇಡಿ ಮೇಡಂ. ಯಾವುದೂ ಕೆಟ್ಟಿಲ್ಲ. ನಿಮ್ಮ ತಮ್ಮ ಗೊತ್ತಿದ್ದೋ ಗೊತ್ತಿಲ್ಲದೆಯೋ ಬಹಳ ಒಳ್ಳೆ ಮೂರು ಆರಿಸಿ ತಂದಿದ್ದಾರೆ.

ಮೊದಲು ಬಣ್ಣದ ವಿಷಯ. ಹೊಂಗ್ ಅಂದರೆ ಕೆಂಪು. ನಾವು ಒಣಗಿದ ಎಲೆ ನೋಡಿ ಕರಿ ಅನ್ನುತ್ತೇವೆ, ಅವರು ಲೋಟದಲ್ಲಿರೋ ನೀರು ನೋಡಿ ಕೆಂಪು ಅನ್ನುತ್ತಾರೆ, ಅಷ್ಟೇ. ನಾನು ಫೂಝೌನಲ್ಲಿ ಎರಡು ವರ್ಷ ಕೆಲಸದಲ್ಲಿದ್ದೆ. ಹೋದ ಹೊಸದರಲ್ಲಿ ಕಪ್ಪು ಅನ್ನೋದಕ್ಕೆ ‘ಹೆಯ್’ ಅನ್ನಬೇಕು ಅಂತ ಕಲಿತು, ಒಂದು ಅಂಗಡಿಗೆ ಹೋಗಿ ಜಂಬದಿಂದ ‘ಹೆಯ್ ಚಾ’ ಕೊಡಿ ಅಂದೆ. ಅಂಗಡಿಯಾಕೆ ಒಳಗಿಂದ ಇಟ್ಟಿಗೆಯಂಥದ್ದೊಂದನ್ನು ತಂದು ಮೇಜಿನ ಮೇಲೆ ಕುಕ್ಕಿದರು. ಹುನಾನ್ ಪ್ರಾಂತ್ಯದ ಆನ್‌ಹುವಾ ಟೀ ಅದು. ಹುದುಗು ಬರಿಸಿ, ಅಚ್ಚಿನಲ್ಲಿ ಒತ್ತಿದ್ದು. ಅವರ ಲೆಕ್ಕದಲ್ಲಿ ಕಪ್ಪು ಟೀ ಅಂದರೆ ಅದೇ. ಬೇಡ ಅನ್ನೋಕೆ ನಾಚಿಕೆಯಾಗಿ ತಂದು, ಮೂರು ತಿಂಗಳು ಸುತ್ತಿಗೆಯಲ್ಲಿ ಒಡೆದೊಡೆದು ಕುಡಿದೆ.

ಈಗ ಹೊಗೆ ಪೊಟ್ಟಣ. ಅದು ಝೆಂಗ್‌ಶಾನ್ ಶಿಯಾವ್‌ಝೊಂಗ್. ಹೊರಗಿನ ಜಗತ್ತು ಕರೆಯೋದು ಲ್ಯಾಪ್‌ಸಾಂಗ್ ಸೂಚಾಂಗ್ ಅಂತ. ಇದರ ಊರು ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟದೊಳಗಿನ ತೊಂಗ್‌ಮು. ಕರಿ ಟೀ ಅನ್ನೋದೇ ಮೊದಲು ಹುಟ್ಟಿದ್ದು ಅಲ್ಲಿ, 17ನೇ ಶತಮಾನದಲ್ಲಿ, ಅಂತ ಹೇಳುತ್ತಾರೆ. ಕತೆ ಹೀಗಿದೆ: ಮಿಂಗ್ ರಾಜರ ಕಾಲ ಮುಗಿಯುವ ಗಲಾಟೆಯಲ್ಲಿ ದಂಡೊಂದು ಊರಿಗೆ ಬಂತು, ಸಿಪಾಯಿಗಳು ಎಲೆ ರಾಶಿಯ ಮೇಲೇ ಮಲಗಿದರು. ಅವರು ಹೋಗುವಷ್ಟರಲ್ಲಿ ಎಲೆ ಕೆಂಪಾಗಿ ಅಂಟಂಟಾಗಿತ್ತು. ಬಿಸಾಡೋಕೆ ಮನಸ್ಸಿಲ್ಲದೆ ರೈತರು ಪೈನ್ ಸೌದೆ ಉರಿಸಿ ಅವಸರದಲ್ಲಿ ಒಣಗಿಸಿ ಮಾರಿಬಿಟ್ಟರು. ಮುಂದಿನ ವರ್ಷ ಅದೇ ಬೇಕು ಅಂತ ಗಿರಾಕಿಗಳು ಹುಡುಕಿಕೊಂಡು ಬಂದರಂತೆ.

ತೊಂಗ್‌ಮು ನೋಡೋಕೆ ಅಂತ ನಾನೂ ಹೋಗಿದ್ದೆ. ಅದು ಕಾಯ್ದಿಟ್ಟ ಕಾಡಿನ ಒಳಗಿದೆ, ಹೊರಗಿನವರನ್ನು ಸುಲಭಕ್ಕೆ ಬಿಡುವುದಿಲ್ಲ. ಗೇಟಿನಿಂದಲೇ ವಾಪಸ್. ಪುಣ್ಯಕ್ಕೆ ಈಚೆ ಬದಿಯ ಹಳ್ಳಿಯೊಂದರಲ್ಲಿ ಹೊಗೆಮನೆಯೊಳಗೆ ಕಾಲಿಡೋಕೆ ಸಿಕ್ಕಿತು. ಮರದ ಮಹಡಿ ಮನೆ, ಹೊರಗೆಲ್ಲಾ ಮಸಿ ಹಿಡಿದು ಕಪ್ಪಾಗಿದೆ. ಕೆಳಗೆ ಪೈನ್ ಸೌದೆ ಉರಿಯುತ್ತದೆ. ಮಹಡಿಗಳಿಗೆ ಹಲಗೆ ಒತ್ತಾಗಿ ಹೊಡೆದಿಲ್ಲ, ಬೇಕಂತಲೇ ಸಂದು ಬಿಟ್ಟಿದ್ದಾರೆ. ಆ ಸಂದುಗಳಲ್ಲಿ ಬಿಸಿಯೂ ಹೊಗೆಯೂ ಮೇಲೇರುತ್ತದೆ. ಮೇಲಿನ ಮಹಡಿಯಲ್ಲಿ ಚಾಪೆಯ ಮೇಲೆ ಹಸಿ ಎಲೆ ಹರಡಿ ಬಾಡಿಸುತ್ತಾರೆ. ಅದನ್ನು ಹೊಸೆದು, ಗುಡ್ಡೆ ಹಾಕಿ, ಕೆಂಪಾಗೋಕೆ ಬಿಟ್ಟು, ಆಮೇಲೆ ಬಿದಿರಿನ ಜರಡಿಯಲ್ಲಿ ಹಾಕಿ ಕೆಳಗಿನ ಮಹಡಿಯಲ್ಲಿ ಒಣಗಿಸುತ್ತಾರೆ. ನಾನು ಐದು ನಿಮಿಷ ನಿಂತಿರಬೇಕು, ಕಣ್ಣಲ್ಲಿ ಧಾರಾಕಾರ ನೀರು. ಆ ಮನೆಯ ಅಜ್ಜ ಬೀಡಿ ಸೇದುವವನ ಹಾಗೆ ಆರಾಮಾಗಿ ಕೂತು ಎಲೆ ಮಗುಚುತ್ತಿದ್ದ!

ನಿಮ್ಮ ಮೂಗಿಗೆ ಬಡಿದದ್ದು ಈ ಹೊಗೆ. ಸೀದದ್ದಲ್ಲ. ಅದರ ಕೆಳಗೆ ಒಂದು ಸಿಹಿ ಇರುತ್ತದೆ, ಒಣಗಿದ ಲೋಂಗನ್ ಹಣ್ಣಿನ ಸಿಹಿ. (ಲೋಂಗನ್ ಅಂದರೆ ಲಿಚ್ಚಿಯ ತಮ್ಮ ಅಂದುಕೊಳ್ಳಿ.) ಹಾಲು ಹಾಕದೆ, ಎಲೆ ಕಮ್ಮಿ ಹಾಕಿ, ಮೂರು ದಿನ ಕುಡಿದು ನೋಡಿ. ಇನ್ನೊಂದು ವಿಷಯ, ‘ಝೆಂಗ್‌ಶಾನ್’ ಅಂದರೆ ಅಸಲಿ ಬೆಟ್ಟ. ತೊಂಗ್‌ಮು ಆಸುಪಾಸಿನದಕ್ಕೆ ಮಾತ್ರ ಆ ಹೆಸರು. ಈಚೆ ಬದಿಯಲ್ಲಿ ಮಾಡಿದ್ದು ‘ಹೊರಬೆಟ್ಟ’ದ್ದು. ನಾನು ಕಣ್ಣೀರು ಹಾಕಿದ್ದು ಹೊರಬೆಟ್ಟದಲ್ಲಿ!

ಮಿಕ್ಕೆರಡರ ಬಗ್ಗೆ ಊಟ ಮಾಡಿ ಬಂದು ಬರೆಯುತ್ತೇನೆ.

ಲೆಕ್ಕದಮೇಷ್ಟ್ರು:

ಸಿಪಾಯಿಗಳ ಕತೆ ಕೇಳೋಕೆ ಚೆನ್ನಾಗಿದೆ. ಆದರೆ ಮರೆತುಬಿಟ್ಟಿದ್ದರಿಂದ ಹುಟ್ಟಿತು ಅನ್ನೋ ಕತೆ ಪ್ರಪಂಚದ ಅರ್ಧ ತಿಂಡಿಗಳಿಗಿದೆ. ನನಗೆ ಸರಿ ಕಾಣೋ ಕಾರಣ ಬೇರೆ. ಆ ಬೆಟ್ಟಗಳಲ್ಲಿ ಮಂಜು, ಮಳೆ ಜಾಸ್ತಿ. ಬಿಸಿಲಲ್ಲಿ ಎಲೆ ಬಾಡಿಸೋದು ಕಷ್ಟ. ಬೆಂಕಿ ಬೇಕೇ ಬೇಕು, ಕೈಗೆ ಸಿಗೋ ಸೌದೆ ಪೈನ್. ಸಿಪಾಯಿ ಬರಲಿ ಬಿಡಲಿ, ಹೊಗೆ ತಪ್ಪುತ್ತಿರಲಿಲ್ಲ.

ಇನ್ನೊಂದು ತಿದ್ದುಪಡಿ. ಕರಿ ಟೀಯನ್ನೂ ಹುದುಗು ಬರಿಸಿದ್ದು ಅನ್ನುವವರಿದ್ದಾರೆ. ಚೀನಾದಲ್ಲೂ ಹಾಗೇ ಹೇಳುತ್ತಾರೆ. ಹಾಗಲ್ಲ. ಎಲೆ ಹೊಸೆದಾಗ ಅದರ ಕೋಶ ಒಡೆದು, ಎಲೆಯಲ್ಲೇ ಇರುವ ಕಿಣ್ವ ಗಾಳಿಯ ಜೊತೆ ಸೇರಿ ಒಗರನ್ನು ಬಣ್ಣವಾಗಿ ಬದಲಾಯಿಸುತ್ತದೆ. ಹೆಚ್ಚಿದ ಸೇಬು ಕಂದಾಗುತ್ತಲ್ಲ, ಅದೇ. ಸೂಕ್ಷ್ಮಜೀವಿಗಳ ಕೆಲಸ ಇರೋದು ನಿಮ್ಮ ಸುತ್ತಿಗೆ ಟೀಯಲ್ಲಿ.

ಹಳೇಪೆಟ್ಟಿಗೆ:

ಮೇಷ್ಟ್ರೇ, ಒಪ್ಪಿದೆ. ಮಳೆಯ ಕಾರಣ ನನಗೂ ಸರಿ ಅನ್ನಿಸುತ್ತದೆ. ಕತೆ ಬಿಡೋಕೆ ಮನಸ್ಸಿಲ್ಲ, ಅಷ್ಟೇ.

ಮುಂದುವರಿಸುತ್ತೇನೆ. ಚೀನಾದ ಕರಿ ಟೀ ಬಗ್ಗೆ ನನಗೆ ಅನ್ನಿಸಿದ್ದು ಒಂದೇ ಮಾತು. ಅದನ್ನು ಅಲ್ಲಿಯವರು ತಮಗಾಗಿ ಮಾಡಿಕೊಂಡದ್ದು ಕಮ್ಮಿ, ದೂರದವರಿಗೆ ಕಳಿಸೋಕೆ ಮಾಡಿದ್ದೇ ಜಾಸ್ತಿ. ಅಲ್ಲಿ ಜನ ಹೆಚ್ಚಾಗಿ ಕುಡಿಯೋದು ಹಸಿರು ಟೀ. ನನ್ನ ಆಫೀಸಿನಲ್ಲೂ ಅಷ್ಟೇ, ಗಾಜಿನ ಬಾಟಲಿಯಲ್ಲಿ ಹಸಿರು ಎಲೆ ತೇಲಾಡುತ್ತಿತ್ತು. ಹೊಗೆ ಟೀ ಕೇಳಿದರೆ ‘ಅದು ವಿದೇಶಿಯರದ್ದು’ ಅಂತ ನಗುತ್ತಿದ್ದರು. ಈಗ ತೊಂಗ್‌ಮುನಲ್ಲೂ ಹೊಗೆ ಇಲ್ಲದ್ದನ್ನೇ ಮಾಡೋದು ಹೆಚ್ಚು.

ಹೆಸರುಗಳನ್ನೇ ನೋಡಿ. ವೂಯಿ ಅನ್ನೋದು ಅಲ್ಲಿನ ಆಡುಮಾತಿನ ಮೂಲಕ ಇಂಗ್ಲಿಷರ ಬಾಯಿಗೆ ಹೋಗಿ ‘ಬೊಹೀ’ ಆಯಿತು, ಅಲ್ಲಿಂದ ಬರೋ ಕರಿ ಟೀಗೇ ಆ ಹೆಸರು ನಿಂತಿತು. 1773ರ ಡಿಸೆಂಬರ್ 16ರಂದು ಅಮೆರಿಕದ ಬಾಸ್ಟನ್ ಬಂದರಿನಲ್ಲಿ ಬ್ರಿಟಿಷರ ತೆರಿಗೆಗೆ ಸಿಟ್ಟಾಗಿ ಜನ ಸುಮಾರು 340 ಪೆಟ್ಟಿಗೆ ಟೀ ನೀರಿಗೆಸೆದರಲ್ಲ, ಅದೆಲ್ಲಾ ಚೀನಾದ್ದು, ಅದರಲ್ಲಿ ಬೊಹೀಯೇ ಬಹುಪಾಲು. ‘ಟೀ’ ಅನ್ನೋ ಮಾತೂ ಫುಜಿಯಾನ್ ಕರಾವಳಿಯ ‘ತೆ’. ಡಚ್ಚರ ಹಡಗು ಹತ್ತಿ ಊರೂರು ಸುತ್ತಿತು. ನಮ್ಮ ‘ಚಹಾ’ ಬಂದದ್ದು ಇನ್ನೊಂದು ಉಚ್ಚಾರಣೆಯಿಂದ, ‘ಚಾ’. ಕನ್ನಡದಲ್ಲಿ ಎರಡನ್ನೂ ಇಟ್ಟುಕೊಂಡಿದ್ದೇವೆ, ನೋಡಿ!

ನಿಮ್ಮ ಎರಡನೇ ಪೊಟ್ಟಣ ಆನ್‌ಹುಯಿ ಪ್ರಾಂತ್ಯದ ಚಿಮೆನ್, ಅಂದರೆ ಹೊರಗಿನವರ ಬಾಯಲ್ಲಿ ಕೀಮುನ್. ಆ ಸೀಮೆಯಲ್ಲಿ ಮೊದಲು ಮಾಡುತ್ತಿದ್ದದ್ದು ಹಸಿರು ಟೀ. 1875ರ ಹೊತ್ತಿಗೆ ಯು ಗಾನ್‌ಚೆನ್ ಅನ್ನುವ ಅಧಿಕಾರಿ, ಫುಜಿಯಾನ್‌ನಲ್ಲಿ ನೌಕರಿ ಹೋಗಿ ಊರ ಕಡೆ ಬಂದವನು, ಅಲ್ಲಿ ಕಂಡ ಕರಿ ಟೀಯನ್ನು ಇಲ್ಲಿ ಮಾಡಿಸಿದನಂತೆ. ಇಲ್ಲ, ಮಾಡಿದ್ದು ಚಿಮೆನ್‌ನ ಹು ಯುವಾನ್‌ಲೊಂಗ್ ಅಂತ ಇನ್ನೊಂದು ಪಕ್ಷ. ಏನೇ ಇರಲಿ, 1915ರ ಸ್ಯಾನ್ ಫ್ರಾನ್ಸಿಸ್ಕೋ ಮೇಳದಲ್ಲಿ ಚಿನ್ನದ ಪದಕ ಗೆದ್ದಿತು. ಇದನ್ನು ಮೂಗಿನಿಂದ ಕುಡಿಯಬೇಕು. ಗುಲಾಬಿ, ಒಂಚೂರು ಜೇನು, ಹಿಂದೆ ಎಲ್ಲೋ ಕೋಕೋ. ಕುದಿಸಬೇಡಿ. ಕುದ್ದ ನೀರನ್ನು ಒಂದು ನಿಮಿಷ ಆರಲು ಬಿಟ್ಟು ಎಲೆಯ ಮೇಲೆ ಸುರಿದು, ಎರಡು ನಿಮಿಷಕ್ಕೆ ಸೋಸಿ.

ಮೂರನೆಯದು ಯುನ್ನಾನ್‌ನ ಕೂಸು. ದಿಯಾನ್ ಅನ್ನೋದು ಯುನ್ನಾನ್‌ನ ಹಳೇ ಹೆಸರು. ಮೂರರಲ್ಲಿ ವಯಸ್ಸಿನಲ್ಲಿ ಇದೇ ಚಿಕ್ಕದು. ಜಪಾನ್ ಜೊತೆ ಯುದ್ಧ ನಡೆದು ಪೂರ್ವದ ಟೀ ಸೀಮೆಗಳು ಕೈಬಿಟ್ಟಾಗ, ಮಾರೋಕೆ ಟೀ ಬೇಕಲ್ಲ, ಫೆಂಗ್ ಶಾವ್‌ಚಿಯು ಎಂಬ ತಜ್ಞನನ್ನು 1938ರಲ್ಲಿ ಪಶ್ಚಿಮದ ಯುನ್ನಾನಿಗೆ ಕಳಿಸಿದರು. ಈಗ ಫೆಂಗ್‌ಚಿಂಗ್ ಅಂತ ಕರೆಯೋ ಊರಿನಲ್ಲಿ ಅವನು ದೊಡ್ಡ ಎಲೆಯ ಗಿಡದಿಂದ ಕರಿ ಟೀ ಮಾಡಿ ನೋಡಿದ. ಮುಂದಿನ ವರ್ಷವೇ ಅದು ಹಾಂಗ್‌ಕಾಂಗ್ ದಾಟಿ ಲಂಡನ್‌ಗೆ ಹೊರಟಿತು. ಅದೂ ಹೊರಗಿನವರಿಗೇ!

ಬಗ್ಗಡದ ಗುಟ್ಟು ಆ ದೊಡ್ಡ ಎಲೆಯಲ್ಲೇ ಇದೆ. ಮೇಷ್ಟ್ರು ಹೇಳಿದ ಆ ಬಣ್ಣದ ಅಂಶಗಳು ಅದರಲ್ಲಿ ಜಾಸ್ತಿ. ಬಿಸಿಯಲ್ಲಿ ಕರಗಿರುತ್ತವೆ. ಆರಿದಾಗ ಕೆಫೀನ್ ಜೊತೆ ಕೂಡಿ ಕೆನೆಯ ಹಾಗೆ ಹೆಪ್ಪಾಗುತ್ತವೆ. ಅಲ್ಲಿಯವರು ಇದನ್ನು ‘ಆರಿದ ಮೇಲಿನ ಬಗ್ಗಡ’ ಅಂತಲೇ ಕರೆದು, ಒಳ್ಳೆ ಟೀಯ ಗುರುತು ಅನ್ನುತ್ತಾರೆ. ಲೋಟ ಮತ್ತೆ ಬಿಸಿ ಮಾಡಿ, ತಿಳಿಯಾಗುತ್ತದೆ. ಬಿಳಿ ಬಟ್ಟಲಲ್ಲಿ ಹಾಕಿದರೆ ಅಂಚಿಗೆ ಒಂದು ಬಂಗಾರದ ಬಳೆಯೂ ಕಾಣುತ್ತದೆ.

ಮುಂಜಾವು:

ಜಿನ್ ಜುನ್ ಮೇಯ್ ಅಂತ ಒಂದರ ಹೆಸರು ಎಲ್ಲಾ ಕಡೆ ಕೇಳುತ್ತಿದ್ದೇನೆ. ಅದೂ ಇದೇ ಗುಂಪಿನದಾ? ಹಾಗೇ ಇನ್ನೊಂದು ದಡ್ಡ ಪ್ರಶ್ನೆ, ಹಸಿರು ಟೀ ಗಿಡ ಬೇರೆ, ಕರಿ ಟೀ ಗಿಡ ಬೇರೆಯಾ?

ಹಳೇಪೆಟ್ಟಿಗೆ:

ದಡ್ಡ ಪ್ರಶ್ನೆ ಅಲ್ಲ. ಲಿನೇಯಸ್‌ನಂಥ ಲಿನೇಯಸ್ (ಗಿಡಗಳಿಗೆ ಹೆಸರಿಡೋ ಶಾಸ್ತ್ರ ಹಾಕಿಕೊಟ್ಟವನು) ಅವೆರಡನ್ನೂ ಬೇರೆ ಬೇರೆ ಗಿಡ ಅಂತ ಬರೆದಿಟ್ಟಿದ್ದ. 1840ರ ದಶಕದಲ್ಲಿ ಸ್ಕಾಟ್ಲೆಂಡಿನ ಗಿಡ ಸಂಗ್ರಾಹಕ ರಾಬರ್ಟ್ ಫಾರ್ಚೂನ್ ಚೀನಾದಲ್ಲಿ ಸುತ್ತಾಡಿ, ಒಂದೇ ಗಿಡ, ಮಾಡೋ ರೀತಿ ಬೇರೆ ಅಂತ ಯುರೋಪಿಗೆ ಹೇಳಿದ. ಆಮೇಲೆ ಅದೇ ಮನುಷ್ಯ ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನೀ ವೇಷ ಹಾಕಿಕೊಂಡು ಹೋಗಿ ಗಿಡ, ಬೀಜ, ಕೆಲಸಗಾರರನ್ನೂ ಸಾಗಿಸಿದ. ಅದು ಬೇರೆ ಕತೆ.

ಜಿನ್ ಜುನ್ ಮೇಯ್ ತೊಂಗ್‌ಮುವಿನದೇ. ಹುಟ್ಟಿದ್ದು 2005ರಲ್ಲಿ. ಬರೀ ಮೊಗ್ಗು ಕುಡಿ, ಹೊಗೆ ಇಲ್ಲ. ಅರ್ಧ ಕಿಲೋಗೆ ಐವತ್ತು ಸಾವಿರಕ್ಕೂ ಹೆಚ್ಚು ಮೊಗ್ಗು ಬೇಕು. ಚೀನಾದವರು ಕರಿ ಟೀಗೆ ಮರುಳಾದದ್ದೇ ಇದು ಬಂದ ಮೇಲೆ. ನಾನೊಮ್ಮೆ ರೈಲ್ವೇ ನಿಲ್ದಾಣದ ಹತ್ತಿರ ಅರ್ಧ ಕಿಲೋಗೆ 300 ಯುವಾನ್ ಕೊಟ್ಟು ತಂದೆ. ಪೂರ್ತಿ ಬಂಗಾರದ ಬಣ್ಣ, ಒಂದು ಕಪ್ಪು ಎಳೆ ಇಲ್ಲ. ಆಫೀಸಿನ ಗೆಳೆಯನಿಗೆ ತೋರಿಸಿದೆ. ಅವನು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಅಸಲಿಯಲ್ಲಿ ಕಪ್ಪು, ಹಳದಿ, ಬಂಗಾರ ಎಲ್ಲಾ ಬೆರೆತಿರುತ್ತದಂತೆ. ಬೆಲೆಯೂ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ನೀಲಿಕೊಡೆ:

ತಣ್ಣಗಾದ ದಿಯಾನ್‌ಹೊಂಗ್ ಬಿಸಿ ಮಾಡಿದೆ. ಕಣ್ಣೆದುರೇ ತಿಳಿಯಾಯಿತು! ತಮ್ಮನಿಗೆ ಫೋನ್ ಮಾಡಿ ಹೊಗಳಿದೆ, ಅವನಿಗೆ ಆಶ್ಚರ್ಯ.

ಆದರೆ ಒಂದು ಎಡವಟ್ಟಾಗಿದೆ. ಮೂರೂ ಪೊಟ್ಟಣ ಬಾಯಿ ಬಿಚ್ಚಿ ಒಂದೇ ಡಬ್ಬಿಯಲ್ಲಿಟ್ಟಿದ್ದೆ. ಈಗ ಕೀಮುನ್‌ಗೂ ಹೊಗೆ ಅಂಟಿಬಿಟ್ಟಿದೆ. ಗುಲಾಬಿ ಎಲ್ಲಿ ಹೋಯಿತೋ! ಬಿಸಿಲಿಗೆ ಹಾಕಿದರೆ ಹೋಗುತ್ತಾ?

ಹಳೇಪೆಟ್ಟಿಗೆ:

ಬಿಸಿಲಿಗೆ ಹಾಕಿದರೆ ಮಿಕ್ಕಿರೋ ಘಮವೂ ಹೋಗುತ್ತದೆ, ಬೇಡ. ದಿಯಾನ್‌ಹೊಂಗ್ ಮೊದಲು ಹೊರಗೆ ತೆಗೆದು ಬಿಗಿ ಮುಚ್ಚಳದ ಬೇರೆ ಡಬ್ಬಿಗೆ ಹಾಕಿ.

ಇನ್ನು ಕೀಮುನ್. ಹಿಂದೆ ವೂಯಿ ಟೀ ಮಂಗೋಲಿಯಾ ದಾಟಿ, ಒಂಟೆಗಳ ಮೇಲೆ, ರಷ್ಯಾ ಗಡಿಯ ಕ್ಯಾಖ್ತಾಕ್ಕೆ ಹೋಗುತ್ತಿತ್ತು. ತಿಂಗಳುಗಟ್ಟಲೆ ದಾರಿ. ರಾತ್ರಿ ಬಿಡಾರದ ಬೆಂಕಿ ಹೊಗೆ ಎಲೆಗೆ ಹಿಡಿಯುತ್ತಿತ್ತು ಅಂತ ಹೇಳುತ್ತಾರೆ. (ಮೇಷ್ಟ್ರೇ, ಇದೂ ಕತೆಯೇ, ಗೊತ್ತು.) ಆ ನೆನಪಿಗೆ ಇವತ್ತಿಗೂ ‘ರಷ್ಯನ್ ಕ್ಯಾರವಾನ್’ ಅಂತ ಒಂದು ಟೀ ಮಾರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರೋದೇನು ಗೊತ್ತಾ? ಕೀಮುನ್‌ಗೆ ಒಂದಿಷ್ಟು ಲ್ಯಾಪ್‌ಸಾಂಗ್ ಬೆರೆಸಿದ್ದು. ಡಬ್ಬಿಗೆ ಚೀಟಿ ಅಂಟಿಸಿ, ಹಾಗೇ ಕುಡಿಯಿರಿ.