ಅಜ್ಜನ ರಿವಾಲ್ವರ್ ಟಿಕ್ ಅನ್ನತ್ತೆ, ಗುಂಡು ಹಾರಲ್ಲ

ಮೂಡಿಗೆರೆ ಕಾಫಿ:
ನಮಸ್ಕಾರ. ಅಜ್ಜನ ಕಾಲದ .32 ಬೋರ್ ರಿವಾಲ್ವರ್, ಇಂಗ್ಲೆಂಡ್ ಮಾಲು, ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ಮೊನ್ನೆ ಶೂಟಿಂಗ್ ರೇಂಜಲ್ಲಿ ಆರು ಗುಂಡು ಹಾಕಿದ್ರೆ ನಾಲ್ಕು ಹಾರ್ತು, ಎರಡು ಬರೀ ಟಿಕ್. ಅವೆರಡನ್ನೇ ಮತ್ತೆ ಹೊಡೆದ್ರೆ ಒಂದು ಹಾರ್ತು. ಹಾರದೇ ಇರೋ ಕಾಟ್ರಿಜ್ ಹಿಂದೆ ಗುರುತೇನೋ ಇದೆ, ಸೂಜಿ ಮುಟ್ಟಿಸಿದಷ್ಟೇ. ನಮ್ಮ ಭಾವ ಇದನ್ನ ಮಾರಿ ಕಾನ್ಪುರದ ಸರ್ಕಾರಿ ಕಾರ್ಖಾನೆದು ಹೊಸದು ತಗೋ ಅಂತಾರೆ, ಪಕ್ಕದ ತೋಟದ ಗೌಡ್ರು ಇಂಥ ಮಾಲು ಇನ್ನು ಹುಟ್ಟಲ್ಲ ಅಂತಾರೆ. ಯಾರ ಮಾತು ಕೇಳ್ಲಿ?

ಹಳೇ ಕೋವಿ:
ಮೊದಲು ಒಂದು ಮಾತು ಸಾರ್, ಟಿಕ್ ಅಂದ ತಕ್ಷಣ ತೆರೆಯೋಕೆ ಹೋಗ್ಬೇಡಿ, ಟ್ರಿಗರ್ ಮತ್ತೆ ಎಳೀಬೇಡಿ, ನಳಿಗೆ ಗುರಿ ಕಡೆಗೇ ಇಟ್ಕೊಂಡು ಅರ್ಧ ನಿಮಿಷ ಕಾಯಿರಿ, ಒಂದೊಂದು ತಡವಾಗಿ ಸಿಡಿಯತ್ತೆ. ಎರಡನೇ ಏಟಿಗೆ ಹಾರಿದೆ ಅಂದ್ರೆ ಹ್ಯಾಮರ್ (ಕಾಟ್ರಿಜ್ ಹಿಂದೆ ಬಡಿಯೋ ಸುತ್ತಿಗೆ) ಏಟು ಸಾಲ್ತಿಲ್ಲ ಅಂತ ನನ್ನ ಅನುಮಾನ. ಸ್ಪ್ರಿಂಗ್ ಸೋತಿರಬೇಕು, ಇಲ್ಲಾ ಒಳಗೆ ಜಿಡ್ಡು. ಅಂದಹಾಗೆ ಆಯುಧ ಪೂಜೆಗೆ ಏನು ಹಚ್ತೀರಿ?

ಮೂಡಿಗೆರೆ ಕಾಫಿ:
ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಕುಂಕುಮ ಇಡ್ತಾರೆ, ನಾನು ಹುಟ್ಟೋಕೆ ಮುಂಚಿಂದ್ಲೂ.

ಹಳೇ ಕೋವಿ:
ಸಿಕ್ಕಿಬಿದ್ದ ಕಳ್ಳ 😄 ಸ್ಕ್ರೂ ನೀವೇ ಬಿಚ್ಚಬೇಡಿ, ಲೈಸೆನ್ಸ್ ಇರೋ ರಿಪೇರಿಯವರ ಹತ್ರ ಕೊಡಿ. ಇನ್ನು ಬ್ರ್ಯಾಂಡ್ ವಿಷಯ. ಕಾನ್ಪುರದ .32 ಕೂಡ ಇಂಗ್ಲೆಂಡಿನ ವೆಬ್ಲಿ ಕಂಪನಿಯ ಮಾರ್ಕ್ 4 ಡಿಸೈನಿಂದ ಬಂದಿದ್ದೇ, 2014ರಲ್ಲಿ ಹೆಂಗಸರಿಗೆ ಅಂತ ಬಂದ ಹಗುರ ರಿವಾಲ್ವರ್ ನಿರ್ಭೀಕ್ ಕೂಡ ಅದೇ ವಂಶ. 1980ರ ದಶಕದ ನಡುವಿಂದ ಹೊರದೇಶದ ಮಾಲು ನಮ್ಮಂಥವರಿಗೆ ಬರೋದೇ ನಿಂತೋಯ್ತಲ್ಲ, ಇರೋ ಹಳೇದಕ್ಕೆ ಬಂಗಾರದ ರೇಟು, ರೇಟು ನೋಡಿ ಜನ ಅದನ್ನೇ ಗಟ್ಟಿ ಅಂತಾರೆ. ವರ್ಷಕ್ಕೆ ಹತ್ತು ಗುಂಡು ಹಾರಿಸದವರು ಐವತ್ತು ವರ್ಷ ಏನೂ ಆಗಿಲ್ಲ ಅಂದ್ರೆ ಅದು ಬೀರು ಗಟ್ಟಿ ಅಂತ ಅಷ್ಟೇ! ಎಷ್ಟು ಗುಂಡಿಗೆ ಏನು ಸವೀತು ಅಂತ ಬರೆದಿಟ್ಟವರ ಮಾತು ಕೇಳಿ. ರಿಪೇರಿಯವರಿಗೆ ಹ್ಯಾಮರ್ ಪೂರ್ತಿ ಎಳೆದಾಗ ಸಿಲಿಂಡರ್ (ಗುಂಡು ತುಂಬೋ ಉರುಳೆ) ಅಲ್ಲಾಡತ್ತಾ, ನಳಿಗೆ ಮಡಚೋ ಜಾಗದ ಚಿಲಕ ಸಡಿಲಾನಾ ಅಂತ ನೋಡೋಕೆ ಹೇಳಿ. ಅದು ಹೋಗಿದ್ರೆ ಮಾತ್ರ ಮಾರೋ ಯೋಚನೆ.

ಮೂಡಿಗೆರೆ ಕಾಫಿ:
ಅಪ್ಡೇಟ್: ರಿಪೇರಿಯವರು ಬಿಚ್ಚಿ ನೋಡಿದ್ರೆ ಒಳಗೆಲ್ಲ ಜೋನಿಬೆಲ್ಲದ ಥರ ಕಂದು ಅಂಟು, ಪಿನ್ ತೂತಲ್ಲಿ ಕುಂಕುಮದ ಗಟ್ಟಿ. ತೊಳೆದು ಸ್ಪ್ರಿಂಗ್ ಬದಲಾಯಿಸಿದ್ರು, ಚಿಲಕ ಬಿಗಿ ಇದೆಯಂತೆ. ನಿನ್ನೆ ಅದೇ ಡಬ್ಬಿಯ ಹದಿನೆಂಟಕ್ಕೆ ಹದಿನೆಂಟೂ ಹಾರ್ತು. ಅಮ್ಮಂಗೆ ಈ ಸಲ ಬರೀ ಹೂವು ಇಡು ಅಂದಿದೀನಿ, ಇನ್ನೂ ಒಪ್ಪಿಲ್ಲ.