ಎಪಿಐಯಲ್ಲಿ ಕಾಂಟ್ರಾಕ್ಟ್‌ಗಳು ಪೂರ್ತಿ ಬರುತ್ತಿಲ್ಲ, ಯಾಕೆ?

ಕುಂಬಳೆ:
ಕಾಸರಗೋಡಿನಲ್ಲಿ ರಸ್ತೆ, ಮೋರಿ ಕೆಲಸ ಮಾಡುವ ಸಣ್ಣ ಆಫೀಸು ನಮ್ಮದು. ಕಾಂಟ್ರಾಕ್ಟ್‌ಗಳೆಲ್ಲ ಒಂದು ಸಾಫ್ಟ್‌ವೇರಿನಲ್ಲಿವೆ, ಅದರ ಎಪಿಐಯಿಂದ (ಬೇರೆ ಪ್ರೋಗ್ರಾಂಗಳು ಅದರಿಂದ ಮಾಹಿತಿ ಕೇಳಿ ಪಡೆಯುವ ದಾರಿ) ಪೈಥಾನ್ ಪ್ರೋಗ್ರಾಂ ಬಳಸಿ ಎಕ್ಸೆಲ್‌ಗೆ ಎಳೆಯುತ್ತಿದ್ದೇನೆ. ಪರದೆಯಲ್ಲಿ 260 ಇವೆ, ಎಪಿಐ ಕೊಡುವುದು 100 ಮಾತ್ರ, ಎರರ್ ಕೂಡ ಇಲ್ಲ. ಏಪ್ರಿಲ್ 1ರ ನಂತರ ಬದಲಾದವು ಸಾಕು ಅಂತ ತಾರೀಖು ಕೊಟ್ಟರೆ 400 ಎರರ್, ಅಂದರೆ ಕೇಳಿದ ರೀತಿಯೇ ತಪ್ಪು ಅಂತ. ಬಿಲ್‌ಗೆ ಈ ಪಟ್ಟಿ ಬೇಕೇ ಬೇಕು, ದಯವಿಟ್ಟು ಹೇಳಿ.

ಉಪ್ಪಳ:
ಸರಿಯಾಗಿ 100 ಬಂದರೆ ಅದು ಮೊದಲ ಪುಟ ಅಷ್ಟೇ, ಅಲ್ವಾ? ಉತ್ತರದ ಜೊತೆ ಬರುವ ಹೆಡರಿನಲ್ಲಿ ಲಿಂಕ್ ಇದ್ದರೆ, ಅದರಲ್ಲಿ ನೆಕ್ಸ್ಟ್ (ಮುಂದಿನ ಪುಟದ ವಿಳಾಸ) ಇರುವಷ್ಟು ಸಲವೂ ಆ ವಿಳಾಸವನ್ನು ಕೇಳುತ್ತಾ ಹೋಗಿ. ಮಧ್ಯೆ 429 ಎರರ್ ಬಂದರೆ ನೀವು ಜಾಸ್ತಿ ಬೇಗ ಕೇಳುತ್ತಿದ್ದೀರಿ ಅಂತ ಅರ್ಥ, ಸ್ವಲ್ಪ ನಿಂತು ಮತ್ತೆ ಕೇಳಿ.

ಬದಿಯಡ್ಕ:
400 ಎರರ್ ಬಂದ ತಾರೀಖಿನ ಕೊನೆಗೆ ಭಾರತದ ಸಮಯ ಅಂತ +05:30 ಹಾಕಿದ್ದೀರಾ ಮಾರಾಯ್ರೇ? ಯುಆರ್‌ಎಲ್‌ನಲ್ಲಿ ಹಾಗೇ ಅಂಟಿಸಿದರೆ ಎಷ್ಟೋ ಸರ್ವರ್‌ಗಳು ಆ ಪ್ಲಸ್ಸನ್ನು ಖಾಲಿ ಜಾಗ ಅಂತ ಓದುತ್ತವೆ. ತಾರೀಖನ್ನು ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಯ ಪ್ಯಾರಮ್ಸ್‌ಗೆ ಕೊಡಿ, ಅದೇ ಎನ್‌ಕೋಡ್ ಮಾಡುತ್ತದೆ, ಅಂದರೆ ಪ್ಲಸ್ ಸರಿಯಾಗಿ ತಲುಪುವಂತೆ ಬದಲಿಸುತ್ತದೆ. ನನಗೆ ಇದು ಗೊತ್ತಾಗಲು ಎರಡು ದಿನ ಬೇಕಾಯಿತು.

ಕುಂಬಳೆ:
ಪ್ಲಸ್ಸೇ ಆಗಿತ್ತು! ತಾರೀಖು ಕೊಡದೆ ಎಳೆದಾಗ ಪುಟಗಳೂ ಎಲ್ಲ ಬಂದವು, ಆದರೆ 260ರಲ್ಲಿ 248. ಉಳಿದ 12?

ಉಪ್ಪಳ:
ಎಪಿಐಗೆ ಕೊಡುವ ಟೋಕನ್ (ಪಾಸ್‌ವರ್ಡಿನಂಥ ಗುರುತು) ಯಾರ ಖಾತೆಯದ್ದು? ಆ ಖಾತೆಗೆ ನೋಡಲು ಅನುಮತಿ ಇಲ್ಲದ ಕಾಂಟ್ರಾಕ್ಟ್‌ಗಳು ಕೆಲವು ಸಾಫ್ಟ್‌ವೇರುಗಳಲ್ಲಿ ಪಟ್ಟಿಗೇ ಬರುವುದಿಲ್ಲ. ಅಡ್ಮಿನ್ ಹತ್ತಿರ ಕೇಳಿ ನೋಡಿ.