ತಲಕಾಡಿನ ಮರಳಲ್ಲಿ ಒಂದು ಸುತ್ತು: ಹೋಗಿ ಬಂದವರು ಹೇಳಿ

ಕೇಳಿದವರು, ಮೈಸೂರು:
ಡಿಸೆಂಬರ್‌ನಲ್ಲಿ ತಲಕಾಡಿನ ಹತ್ತಿರ ಹೊಳೆ ದಂಡೆಯ ಕ್ಯಾಂಪ್‌ನಲ್ಲಿ ಒಂದು ರಾತ್ರಿ ಟೆಂಟ್ ಹಾಕಿಕೊಂಡು ಇರುತ್ತೇವೆ. ಬೆಳಿಗ್ಗೆ ಅಲ್ಲಿಂದಲೇ ನಡೆದು ಹೊರಟು, ಮರಳುದಿಬ್ಬ, ದೇವಸ್ಥಾನ, ನೀಲಗಿರಿ ತೋಪು ಎಲ್ಲ ಸುತ್ತಿ, ಹೊಳೆ ಪಕ್ಕದಲ್ಲೇ ವಾಪಸ್ ಬರಬೇಕು ಅಂತ ಆಸೆ. ಹೋದ ದಾರಿಯಲ್ಲೇ ಬರುವುದು ಬೇಡ. ಜೊತೆಗೆ ಏಳು ವರ್ಷದ ಮಗಳು, ಮಂಡಿ ನೋವಿರುವ ಅಮ್ಮ. ಆಗುತ್ತಾ?

ಟಿ. ನರಸೀಪುರದಿಂದ:
ಆಗುತ್ತೆ ಮೇಡಂ. ದೂರ ನೋಡಿ ಲೆಕ್ಕ ಹಾಕಬೇಡಿ, ಬಿಸಿಲು ನೋಡಿ ಹಾಕಿ. ಡಿಸೆಂಬರ್ ಆದರೂ ಹತ್ತು ಗಂಟೆ ದಾಟಿದ ಮೇಲೆ ಮರಳು ಕಾಯುತ್ತದೆ. ಹೆಜ್ಜೆ ಹೂತು ಹೋಗುವುದರಿಂದ ಸ್ವಲ್ಪ ದೂರವೂ ಜಾಸ್ತಿ ಅನಿಸುತ್ತದೆ. ಆದ್ದರಿಂದ ಮರಳು ಮೊದಲು, ತೋಪಿನ ನೆರಳು ಆಮೇಲೆ.

ವೈದ್ಯೇಶ್ವರನಿಂದ ಶುರು ಮಾಡಿ. ಅಲ್ಲಿಂದ ಮರಳಿನ ಒಳಗೆ ಪಾತಾಳೇಶ್ವರ, ಮರುಳೇಶ್ವರ, ಆಮೇಲೆ ಕೀರ್ತಿನಾರಾಯಣ. ಚೋಳರನ್ನು ಗೆದ್ದ ಮೇಲೆ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಅದು. ಈಗ ಸುತ್ತಲಿನ ಮರಳಿಗಿಂತ ತಗ್ಗಿನಲ್ಲಿದೆ. ಅಷ್ಟು ದೊಡ್ಡ ಗುಡಿಯನ್ನು ನೋಡಲು ಇಳಿದು ಹೋಗಬೇಕು, ಅದೇ ಒಂದು ಮಜಾ. ಅಲ್ಲಿಂದ ತೋಪಿನೊಳಗೆ ಹೊಳೆ ಕಡೆ ಇಳಿಯಿರಿ.

ಅಮ್ಮನಿಗೆ ವೈದ್ಯೇಶ್ವರ ಸಾಕು. ಮರಳು ಹತ್ತಬೇಕಾಗಿಲ್ಲ, ಕೆತ್ತನೆ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ.

ಮಂಡ್ಯದಿಂದ:
ಶೂ ಬೇಡ. ಗುಡಿ ಗುಡಿಗೂ ಬಿಚ್ಚಬೇಕು, ಒಳಗೆಲ್ಲ ಮರಳು. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಮಗುವಿಗೆ ಒಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ, ಅಂಗಳದ ಕಲ್ಲು ಕಾದಾಗ ಉಪಯೋಗಕ್ಕೆ ಬರುತ್ತದೆ.

ಕೊಳ್ಳೇಗಾಲ ಕಡೆಯಿಂದ:
ನಡೆಯುವುದರ ಬಗ್ಗೆ ಎಲ್ಲರೂ ಹೇಳಿದರು, ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಎದುರು ದಂಡೆಯವನು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಅಂದ ಅಲಮೇಲಮ್ಮನ ಶಾಪ ನಂಬಿ, ಬಿಡಿ, ಮಡು ಇರುವುದಂತೂ ನಿಜ. ಮೇಲೆ ನೋಡಿದರೆ ಮೊಣಕಾಲುದ್ದ, ನಿಂತ ನೀರಿನ ಹಾಗೆ ಕಾಣುತ್ತದೆ. ಎರಡು ಹೆಜ್ಜೆ ಮುಂದೆ ಇಟ್ಟರೆ ಕಾಲ ಕೆಳಗಿನ ಮರಳೇ ಜಾರುತ್ತದೆ. ಈಜು ಬಂದವರೂ ಇಲ್ಲಿ ಹೋಗಿದ್ದಾರೆ. ಮಗಳ ಕೈ ಬಿಡಬೇಡಿ, ದಡದಲ್ಲಿ ಕಾಲು ತೋಯಿಸಿದರೆ ಸಾಕು. ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಕೊಟ್ಟರೆ ಮಾತ್ರ.

ಇನ್ನೊಂದು. ಮೇಲೆ ಕೆಆರ್‌ಎಸ್, ಕಬಿನಿ ಎರಡೂ ಅಣೆಕಟ್ಟು. ಅಲ್ಲಿ ನೀರು ಬಿಟ್ಟರೆ ಇಲ್ಲಿ ದಂಡೆಯ ದಾರಿ ಮುಚ್ಚಿಹೋಗುತ್ತದೆ. ಹೊರಡುವ ಮುಂಚೆ ಕ್ಯಾಂಪ್‌ನವರನ್ನು ಕೇಳಿ.

ಕೇಳಿದವರು:
ಕ್ಯಾಂಪ್ ಮುಡುಕುತೊರೆ ಕಡೆ ಇದೆ. ಗದ್ದೆ ಮೇಲೆ ಅಡ್ಡ ದಾರಿ ಇದೆಯಾ? ಇಷ್ಟೊಂದು ಮರಳು ಎಲ್ಲಿಂದ ಬಂತು ಅಂತ ಮಗಳು ಈಗಲೇ ಪ್ರಾಣ ತಿನ್ನುತ್ತಿದ್ದಾಳೆ!

ಟಿ. ನರಸೀಪುರದಿಂದ:
ಅಡ್ಡ ದಾರಿ ಬೇಡ ಮೇಡಂ. ಬದು ಕಿರಿದು, ಅಮ್ಮ ಜಾರಿದರೆ ಕಷ್ಟ. ಪೈರು ಬೇರೆಯವರದು. ತಲಕಾಡಿನ ತನಕ ಗಾಡಿಯಲ್ಲೇ ಹೋಗಿ, ಸುತ್ತು ಅಲ್ಲಿಂದ ಶುರು ಮಾಡಿ. ಕ್ಯಾಂಪ್‌ನಿಂದಲೇ ನಡೆಯಬೇಕು ಅನ್ನುವ ಹಟ ಬಿಟ್ಟುಬಿಡಿ.

ಮಗಳಿಗೆ ಶಾಪದ ಕಥೆಯನ್ನೇ ಮೊದಲು ಹೇಳಿ, ಮಕ್ಕಳಿಗೆ ಅದೇ ರುಚಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡರಲ್ಲ, ಆಗಿನ ಕಥೆ ಅದು. ಆಮೇಲೆ ಹೊಳೆ ತಿರುವು ತೋರಿಸಿ. ಅಲ್ಲಿ ಹೊಳೆ ಮರಳು ತಂದು ಹಾಕುತ್ತದೆ. ನೀರು ಇಳಿದಾಗ ಅದು ಒಣಗುತ್ತದೆ, ನೈಋತ್ಯದ ಗಾಳಿ ಎತ್ತಿ ಊರ ಮೇಲೆ ಸುರಿಯುತ್ತದೆ. ತೋಪಿನ ಮರಗಳು ಆ ಮರಳನ್ನು ಹಿಡಿದು ನಿಲ್ಲಿಸುತ್ತವೆ.

ಮೈಸೂರು, ಕುವೆಂಪುನಗರದಿಂದ:
ಕಾರ್ತಿಕ ಸೋಮವಾರ ಮಾತ್ರ ಬೇಡ, ಜನಜಂಗುಳಿ. ಇಲ್ಲಿನ ಐದು ಶಿವನ ಗುಡಿ ಸುತ್ತುವ ಪಂಚಲಿಂಗ ದರ್ಶನ ಅಂದುಕೊಂಡು ಹೊರಟರೆ ಅದು ವರ್ಷ ವರ್ಷ ಬರುವುದಲ್ಲ. 2013 ಆದ ಮೇಲೆ ಬಂದದ್ದು 2020ರಲ್ಲೇ. ವಾರದ ಮಧ್ಯೆ ಹೋಗಿ. ನೀರಿನ ಬಾಟಲಿ ತಲೆಗೊಂದರಂತೆ ಇರಲಿ, ಮರಳಿನ ನಡುವೆ ಅಂಗಡಿ ಹುಡುಕುತ್ತಾ ಅಲೆಯುವುದು ಬೇಡ.